ಹುಟ್ಟು ದೋಷ ಇರೋ ಮಗುಗೆ ಚಾರಿಟಿ ಆಪರೇಷನ್: ಮೊದಲ ದಿನದಿಂದ ಫಾಲೋಅಪ್ ತನಕ ಏನೇನು ಮಾಡ್ಬೇಕು

ಮಗು ಹುಟ್ಟಿದ ತಕ್ಷಣ ಡಾಕ್ಟರು ಒಂದು ತೊಂದರೆ ಇದೆ, ಆಪರೇಷನ್ ಮಾಡ್ಬೇಕಾಗತ್ತೆ ಅಂದ್ರೆ ಮನೆಯವರು ಮೊದಲು ಮಾಡೋ ಕೆಲಸ ಫೋನ್ ತಗೊಂಡು ಉಚಿತ ಆಪರೇಷನ್ ಮಾಡ್ಸೋ ಸಂಸ್ಥೆ ಹುಡುಕೋದು. ದುಡ್ಡಿನ ಭಯ ಹಾಗಿರತ್ತೆ, ಅದು ತಪ್ಪಲ್ಲ. ಆದ್ರೆ ಅದಕ್ಕೂ ಮುಂಚೆ ಡಾಕ್ಟರ್ ಹತ್ರ ಒಂದೇ ಒಂದು ಪ್ರಶ್ನೆ ಕೇಳ್ಬೇಕು: ಈ ಮಗು ಎಷ್ಟು ಹೊತ್ತು ಕಾಯಬಹುದು? ಇವತ್ತೇ ಆಗ್ಬೇಕಾ, ಈ ವಾರದೊಳಗಾ, ಇಲ್ಲ ಕೆಲವು ತಿಂಗಳು ತಡೆದರೂ ಪರವಾಗಿಲ್ವಾ? ನೀವು ಮೊದಲು ಆಸ್ಪತ್ರೆಗೆ ಓಡ್ಬೇಕಾ, ಸಂಸ್ಥೆಗೆ ಪತ್ರ ಬರೀಬೇಕಾ ಅನ್ನೋದು ಈ ಉತ್ತರದ ಮೇಲೇ ನಿಂತಿರತ್ತೆ.

ಮೊದಲು: ಕಾಯಬಹುದಾದ ತೊಂದರೆನಾ, ಕಾಯೋಕಾಗದ ತೊಂದರೆನಾ

ಕಾಯದೇ ಇರೋವು ಕೆಲವಿವೆ. ಕರುಳು ಹೊಟ್ಟೆಯಿಂದ ಆಚೆ ಬಂದು ಹುಟ್ಟಿರೋದು (ಇದಕ್ಕೆ ಗ್ಯಾಸ್ಟ್ರೋಸ್ಕಿಸಿಸ್ ಅಂತಾರೆ), ಅನ್ನನಾಳ ಹೊಟ್ಟೆ ತನಕ ಹೋಗದೆ ಅರ್ಧಕ್ಕೇ ಮುಚ್ಚಿಕೊಂಡಿರೋದು, ಮಲದ್ವಾರನೇ ಇಲ್ಲದಿರೋದು, ಬೆನ್ನುಹುರಿ ಹೊರಗೆ ತೆರೆದುಕೊಂಡಿರೋದು, ಹೃದಯದ ಎರಡು ದೊಡ್ಡ ರಕ್ತನಾಳ ಅದಲು ಬದಲಾಗಿರೋದು. ಇವಕ್ಕೆಲ್ಲ ಗಂಟೆ ಮತ್ತು ದಿನದ ಲೆಕ್ಕ. ಇಂಥ ಮಗುನ ಮಡಿಲಲ್ಲಿಟ್ಕೊಂಡು ಯಾವುದೋ ಸಂಸ್ಥೆಯ ಇಮೇಲ್‌ಗೆ ಕಾಯ್ತಾ ಕೂರಬಾರದು, ಮಕ್ಕಳ ಸರ್ಜನ್ ಮತ್ತು ಎನ್‌ಐಸಿಯು (ಹಸುಗೂಸುಗಳ ಐಸಿಯು) ಎರಡೂ ಇರೋ ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಒಬ್ಬರು ಮಗು ಜೊತೆ ಇರಲಿ, ಇನ್ನೊಬ್ಬರು ಅಲ್ಲಿನ ಸೋಶಿಯಲ್ ವರ್ಕರ್‌ನ ಹಿಡಿದು ದುಡ್ಡಿನ ದಾರಿ ಕೇಳಲಿ, ಎರಡೂ ಒಟ್ಟಿಗೆ ನಡೀಬೇಕು. ಎಷ್ಟೋ ಚಾರಿಟಿಗಳ ಜೊತೆ ಆಸ್ಪತ್ರೆಗಳಿಗೇ ನೇರ ಸಂಪರ್ಕ ಇರತ್ತೆ, ಅದು ಗೊತ್ತಿರೋದು ಈ ಸೋಶಿಯಲ್ ವರ್ಕರ್‌ಗೇ ಹೊರತು ಡಾಕ್ಟರ್‌ಗಲ್ಲ.

ಇದನ್ನ ಇಷ್ಟು ಒತ್ತಿ ಹೇಳೋಕೆ ಕಾರಣ ಇದೆ. 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ 74 ದೇಶಗಳ 264 ಆಸ್ಪತ್ರೆಗಳ ಒಂದು ಅಧ್ಯಯನ ಬಂತು, ಅನ್ನನಾಳ, ಕರುಳು, ಮಲದ್ವಾರ ಇಂಥ 7 ಹುಟ್ಟು ದೋಷಗಳ ಬಗ್ಗೆ. ಶ್ರೀಮಂತ ದೇಶಗಳಲ್ಲಿ ಇಂಥ ಮಕ್ಕಳಲ್ಲಿ ತೀರಿಹೋದವರು ನೂರಕ್ಕೆ ಸುಮಾರು 6, ತೀರಾ ಬಡ ದೇಶಗಳಲ್ಲಿ ಸುಮಾರು 40. ಕರುಳು ಆಚೆ ಬಂದ ಮಕ್ಕಳ ಲೆಕ್ಕ ಓದಿದ್ರೆ ಹೊಟ್ಟೆ ಉರಿಯತ್ತೆ, ಶ್ರೀಮಂತ ದೇಶಗಳಲ್ಲಿ ತೀರಿಹೋದವರು ನೂರಕ್ಕೆ 2 ಕೂಡ ಇಲ್ಲ, ತೀರಾ ಬಡ ದೇಶಗಳಲ್ಲಿ 90. ದೋಷ ಎರಡು ಕಡೆನೂ ಅದೇ. ಮಗು ತಡವಾಗಿ ಬರೋದು, ದಾರಿಯಲ್ಲಿ ಮೈ ತಣ್ಣಗಾಗಿ ಸೋಂಕು ಹತ್ತೋದು, ರಕ್ತನಾಳದ ಮೂಲಕ ಪೋಷಣೆ ಕೊಡೋ ವ್ಯವಸ್ಥೆ ಇಲ್ಲದಿರೋದು, ಇವೇ ಮಕ್ಕಳನ್ನ ತಗೊಂಡು ಹೋಗ್ತಿರೋದು.

ವಾರಗಳ ಲೆಕ್ಕದ್ದೂ ಒಂದಿದೆ, ಅದನ್ನ ಜನ ಸುಲಭವಾಗಿ ತಪ್ಪಿಸ್ಕೊಳ್ತಾರೆ: ಪಿತ್ತನಾಳ ಮುಚ್ಚಿರೋ ಬಿಲಿಯರಿ ಅಟ್ರೀಸಿಯಾ. ಮಗುವಿನ ಜಾಂಡೀಸ್ ಎರಡು ವಾರ ದಾಟಿದ್ರೂ ಇಳಿದಿಲ್ಲ, ಕಕ್ಕ ಬಿಳಿಚಿಕೊಂಡು ಸುಣ್ಣದ ಬಣ್ಣ ಇದೆ ಅಂದ್ರೆ ಬಿಸಿಲಿಗೆ ಹಿಡಿದ್ರೆ ಸರಿ ಹೋಗತ್ತೆ ಅಂತ ಯಾರು ಹೇಳಿದ್ರೂ ಕೇಳಬೇಡಿ, ರಕ್ತ ಪರೀಕ್ಷೆ ಮಾಡ್ಸಿ. ಜಪಾನಿನ ಮೊರಿಯೊ ಕಸಾಯ್ ಅವರ ಹೆಸರಿನ ಆಪರೇಷನ್ ಮಗುಗೆ 60 ದಿನ ತುಂಬೋದ್ರೊಳಗೆ ಆದ್ರೆ ಫಲ ಚೆನ್ನಾಗಿರತ್ತೆ, ತಡ ಆದಷ್ಟೂ ಲಿವರ್ ಹಾಳಾಗಿ ಕೊನೆಗೆ ಲಿವರ್ ಬದಲಾಯಿಸೋ ಮಟ್ಟಕ್ಕೆ ಹೋಗತ್ತೆ.

ಸೀಳು ತುಟಿ, ಸೀಳು ಅಂಗುಳ ಇವೆಲ್ಲ ನೋಡೋಕೆ ಗಾಬರಿ ಆದ್ರೂ ಕಾಯೋ ತೊಂದರೆಗಳು. ಪಾದ ಒಳಗೆ ತಿರುಗಿರೋ ಕ್ಲಬ್ ಫೂಟ್‌ಗೆ ಎಮರ್ಜೆನ್ಸಿ ಇಲ್ಲ, ಆದ್ರೂ ಹುಟ್ಟಿದ ಒಂದೆರಡು ವಾರದಲ್ಲೇ ಪ್ಲಾಸ್ಟರ್ ಶುರು ಮಾಡಿದ್ರೆ ಒಳ್ಳೇದು. ಇನ್ನು ಕೆಲವಕ್ಕೆ ಆಪರೇಷನ್ನೇ ಬೇಡ. ಹೃದಯದಲ್ಲಿನ ಸಣ್ಣ ತೂತು ಎಷ್ಟೋ ಸಲ ತಾನಾಗೇ ಮುಚ್ಚತ್ತೆ, ಹೊಕ್ಕುಳ ಉಬ್ಬಿರೋದು ಹೆಚ್ಚಿನ ಮಕ್ಕಳಲ್ಲಿ ನಾಲ್ಕೈದು ವರ್ಷದೊಳಗೆ ಸರಿ ಹೋಗತ್ತೆ. ಉಚಿತ ಅಂತ ಹೇಳಿ ಬೇಡದ ಆಪರೇಷನ್ ಮಾಡ್ಸಬೇಡಿ, ಅರಿವಳಿಕೆ ಉಚಿತವಾಗಿ ಕೊಟ್ರೂ ಅರಿವಳಿಕೆನೇ.

ಆಸ್ಪತ್ರೆ ತಲುಪೋ ತನಕ

ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಕಳಿಸ್ತಿದ್ರೆ ಆಂಬುಲೆನ್ಸ್ ಹತ್ತೋ ಮುಂಚೆ ಇವನ್ನ ಕೇಳಿ ಮಾಡ್ಸಿ. ಮಗು ಬೆಚ್ಚಗಿರ್ಬೇಕು, ಇದು ಎಲ್ಲಾ ಮಕ್ಕಳಿಗೂ, ಕಾಂಗರೂ ಥರ ಎದೆಗೆ ಅಪ್ಪಿಕೊಳ್ಳೋಕೆ ಆಗೋ ಹಾಗಿದ್ರೆ ಅದೇ ಒಳ್ಳೇದು. ಕರುಳು ಹೊರಗಿದ್ರೆ ಅದರ ಮೇಲೆ ಒಣ ಬಟ್ಟೆ, ಒಣ ಗಾಜ್ (ಗಾಯಕ್ಕೆ ಹಾಕೋ ತೆಳು ಬಟ್ಟೆ) ಹಾಕಬಾರದು, ಶುದ್ಧವಾದ ಪಾರದರ್ಶಕ ಪ್ಲಾಸ್ಟಿಕ್‌ನಿಂದ ಮುಚ್ಚಿ ಮಗುನ ಬಲಗಡೆಗೆ ಮಲಗಿಸ್ತಾರೆ, ಕರುಳು ಕಪ್ಪಾಗ್ತಿದೆಯಾ ಅಂತ ಹೊರಗಿಂದಲೇ ಕಾಣ್ತಿರಬೇಕು. ಬೆನ್ನ ಮೇಲೆ ತೆರೆದ ಗಂಟು ಇದ್ರೆ ಸಲೈನ್‌ನಲ್ಲಿ ಒದ್ದೆ ಮಾಡಿದ ಸ್ಟೆರೈಲ್ ಡ್ರೆಸಿಂಗ್, ಮಗು ಬೋರಲಾಗಿ ಮಲಗಿರಬೇಕು, ಇಂಥ ಮಕ್ಕಳಿಗೆ ಲೇಟೆಕ್ಸ್ (ಒಂಥರ ರಬ್ಬರ್) ಅಲರ್ಜಿ ಬರೋದು ಜಾಸ್ತಿ ಆದ್ದರಿಂದ ಮೊದಲ ದಿನದಿಂದಲೇ ಲೇಟೆಕ್ಸ್ ಇಲ್ಲದ ಗ್ಲೌಸ್ ಹಾಕಿ ಅಂತ ನೆನಪಿಸಿ. ಬಾಯಲ್ಲಿ ನೊರೆ ನೊರೆ ಬರ್ತಿದೆ, ಹಾಲು ಕೊಟ್ರೆ ಕೆಮ್ಮಿ ನೀಲಿಯಾಗತ್ತೆ ಅಂದ್ರೆ ಅನ್ನನಾಳ ಮುಚ್ಚಿರಬಹುದು, ಒಂದು ಹನಿ ಹಾಲೂ ಕೊಡಬೇಡಿ, ತಲೆ ಮೇಲಕ್ಕಿಟ್ಟು ಜೊಲ್ಲನ್ನ ಪೈಪಿನಿಂದ ಎಳೆದು ತೆಗೀತಾನೇ (ಸಕ್ಷನ್) ಹೋಗಬೇಕು.

ಮಲದ್ವಾರ ಇದೆಯಾ ಇಲ್ವಾ ಅನ್ನೋದನ್ನ ಹುಟ್ಟಿದಾಗಲೇ ನೋಡ್ಬೇಕು, ಇದು ಅರ್ಧ ನಿಮಿಷದ ಕೆಲಸ, ಆದ್ರೂ ಎಷ್ಟೋ ಕಡೆ ಹೊಟ್ಟೆ ಉಬ್ಬಿ ವಾಂತಿ ಶುರು ಆದಮೇಲೇ ಗೊತ್ತಾಗೋದು. ಮಲದ್ವಾರ ಇದ್ದೂ ಎರಡು ದಿನ ಆದ್ರೂ ಮೊದಲ ಕಪ್ಪು ಕಕ್ಕ ಹೋಗಿಲ್ಲ ಅಂದ್ರೆ ಕರುಳಿನ ಕೊನೆ ಭಾಗದಲ್ಲಿ ನರ ಬೆಳೆಯದೇ ಇರೋ ಹಿರ್ಷ್‌ಸ್ಪ್ರಂಗ್ ಕಾಯಿಲೆ ಅಂತ ಅನುಮಾನ ಪಡಬೇಕು.

ಕಾಯಿಲೆ ಹೆಸರನ್ನ ಕಾಗದದ ಮೇಲೆ ಬರೆಸ್ಕೊಳ್ಳಿ

ಹೊಟ್ಟೆ ಪ್ರಾಬ್ಲಮ್, ಹಾರ್ಟ್ ಪ್ರಾಬ್ಲಮ್ ಅಂತ ಹೇಳಿದ್ರೆ ಯಾವ ಸಂಸ್ಥೆಯೂ ಏನೂ ಮಾಡೋಕಾಗಲ್ಲ. ಡಯಾಗ್ನೋಸಿಸ್ ಪೂರ್ತಿ ಹೆಸರು, ಮಾಡಿರೋ ಟೆಸ್ಟ್‌ಗಳು, ಬೇಕಾಗಿರೋ ಆಪರೇಷನ್, ಅದು ಯಾವ ವಯಸ್ಸಿನೊಳಗೆ ಆಗ್ಬೇಕು, ಇಷ್ಟನ್ನ ಆಸ್ಪತ್ರೆ ಲೆಟರ್‌ಹೆಡ್ ಮೇಲೆ ಸಹಿ ಸಮೇತ ತಗೊಳ್ಳಿ. ಎಕೋ (ಹೃದಯದ ಸ್ಕ್ಯಾನ್) ಮಾಡ್ಸಿದ್ರೆ ರಿಪೋರ್ಟ್ ಜೊತೆ ವಿಡಿಯೋ ಇರೋ ಸಿಡಿನೂ ಕೇಳಿ, ಸ್ಕ್ಯಾನ್ ಫಿಲಂಗಳನ್ನ ಬಿಳಿ ಬೆಳಕಿಗೆ ಹಿಡಿದು ಫೋಟೋ ತೆಗೆದಿಟ್ಕೊಳ್ಳಿ. ಎಲ್ಲಾ ಒಂದೇ ಫೈಲ್‌ನಲ್ಲಿ ತಾರೀಖಿನ ಪ್ರಕಾರ ಜೋಡಿಸಿ, ಫೋನಲ್ಲೂ ಒಂದು ಕಾಪಿ ಇರಲಿ, ಒರಿಜಿನಲ್ ಯಾರಿಗೂ ಬಿಟ್ಟುಕೊಡಬೇಡಿ.

ಇನ್ನೊಂದು ಮಾತು ಮರೀದೆ ಕೇಳಿ: ಬೇರೆ ದೋಷ ಏನಾದ್ರೂ ಇದೆಯಾ ನೋಡಿದ್ದೀರಾ? ಮಲದ್ವಾರ ಇಲ್ಲದ ಮಗುವಿನಲ್ಲಿ, ಅನ್ನನಾಳ ಮುಚ್ಚಿರೋ ಮಗುವಿನಲ್ಲಿ ಹೃದಯ, ಕಿಡ್ನಿ, ಬೆನ್ನುಮೂಳೆಯಲ್ಲೂ ತೊಂದರೆ ಇರೋದು ಸಾಮಾನ್ಯ. ಹೃದಯದ ಎಕೋ, ಕಿಡ್ನಿ ಸ್ಕ್ಯಾನ್ ಇಲ್ಲದೆ ಚಾರಿಟಿಗೆ ಕಳಿಸಿದ್ರೆ ಅವರು ಮತ್ತೆ ವಾಪಸ್ ಕಳಿಸ್ತಾರೆ, ಆ ಓಡಾಟದಲ್ಲೇ ದಿನ ಕಳೆದುಹೋಗತ್ತೆ.

ಯಾರನ್ನ ಕೇಳೋದು

ಚಾರಿಟಿಗಳು ಕೆಲಸ ಮಾಡೋ ರೀತಿ ಮೂರು ಥರ ಇದೆ, ನಿಮ್ಮ ಮಗುಗೆ ಯಾವುದು ಹೊಂದತ್ತೆ ಅನ್ನೋದನ್ನ ಮೊದಲು ಯೋಚಿಸಿ.

ಒಂದು, ಅಲ್ಲಲ್ಲಿನ ಆಸ್ಪತ್ರೆಗಳ ಜೊತೆಗೇ ಒಪ್ಪಂದ ಮಾಡ್ಕೊಂಡು ಅಲ್ಲಿನ ಡಾಕ್ಟರುಗಳ ಕೈಯಲ್ಲೇ ಮಾಡ್ಸೋರು. 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಸೀಳು ತುಟಿ ಮತ್ತು ಅಂಗುಳಕ್ಕೆ ಹೀಗೇ ಕೆಲಸ ಮಾಡತ್ತೆ, 2010ರಲ್ಲಿ ಶುರುವಾದ ಮಿರಾಕಲ್ ಫೀಟ್ ಕ್ಲಬ್ ಫೂಟ್ ಕ್ಲಿನಿಕ್‌ಗಳಿಗೆ ಬೆಂಬಲ ಕೊಡತ್ತೆ. ಎರಡು, ಡಾಕ್ಟರುಗಳ ತಂಡ ಬಂದು ಆಪರೇಷನ್ ಮಾಡೋರು. 1982ರ ಆಪರೇಷನ್ ಸ್ಮೈಲ್ ಶುರುವಾಗಿದ್ದೇ ಹಾಗೆ, 1978ರ ಮರ್ಸಿ ಶಿಪ್ಸ್ ಅಂತೂ ಹಡಗನ್ನೇ ಆಸ್ಪತ್ರೆ ಮಾಡ್ಕೊಂಡು ಆಫ್ರಿಕಾದ ಬಂದರುಗಳಿಗೆ ಹೋಗತ್ತೆ. ಮೂರನೇದು, ಮಗುನ ಇನ್ನೊಂದು ದೇಶಕ್ಕೆ ಕರ್ಕೊಂಡು ಹೋಗಿ ಮಾಡ್ಸೋರು. 1995ರಲ್ಲಿ ಇಸ್ರೇಲಲ್ಲಿ ಶುರುವಾದ ಸೇವ್ ಎ ಚೈಲ್ಡ್ಸ್ ಹಾರ್ಟ್, ರೋಟರಿಯವರ ಗಿಫ್ಟ್ ಆಫ್ ಲೈಫ್ ಇವು ಹೃದಯದ ತೊಂದರೆ ಇರೋ ಮಕ್ಕಳಿಗೆ. ತಲೆ ಕೂಡಿಕೊಂಡು ಹುಟ್ಟಿದ ಅವಳಿಗಳಂಥ ತೀರಾ ಅಪರೂಪದ ಕೇಸ್‌ಗೆ ಲಂಡನ್ನಿನ ಜೆಮಿನೈ ಅನ್‌ಟ್ವೈನ್ಡ್ ಇದೆ, ಇಂಥದ್ದನ್ನ ಮಾಡಿದ ಅನುಭವ ಇರೋ ಸರ್ಜನ್‌ಗಳು ಪ್ರಪಂಚದಲ್ಲೇ ಕೆಲವೇ ಜನ ಇರೋದು.

ನನ್ನ ಅಭಿಪ್ರಾಯ ಕೇಳಿದ್ರೆ ಮೊದಲನೇ ಥರದ್ದು ಸಿಗೋ ಹಾಗಿದ್ರೆ ಅದನ್ನೇ ಹಿಡೀರಿ. ಹೊರಗಿಂದ ಬಂದ ತಂಡದ ಸರ್ಜನ್ ಎಷ್ಟೇ ಒಳ್ಳೆಯವರಾದ್ರೂ ಅವರು ಹೋದ ಮೂರನೇ ವಾರಕ್ಕೆ ಹೊಲಿಗೆ ಬಿಚ್ಚಿಕೊಂಡ್ರೆ ನೋಡೋರು ಯಾರು? ಹುಟ್ಟು ದೋಷ ಅನ್ನೋದು ಒಂದೇ ಆಪರೇಷನ್‌ಗೆ ಮುಗಿಯೋದು ಬಹಳ ಕಮ್ಮಿ. ಉಗಾಂಡಾದ ಎಂಬಾಲೆಯಲ್ಲಿರೋ ಕ್ಯೂರ್ ಮಕ್ಕಳ ಆಸ್ಪತ್ರೆ ಇದಕ್ಕೆ ಒಳ್ಳೇ ಉದಾಹರಣೆ. ತಲೆಯಲ್ಲಿ ನೀರು ತುಂಬೋ ಮಕ್ಕಳಿಗೆ ಸಾಮಾನ್ಯವಾಗಿ ಶಂಟ್ ಅನ್ನೋ ಸಣ್ಣ ಪೈಪ್ ಹಾಕ್ತಾರೆ, ಅದು ಯಾವಾಗ ಬೇಕಾದ್ರೂ ಕಟ್ಟಿಕೊಳ್ಳಬಹುದು, ಕಟ್ಟಿಕೊಂಡ್ರೆ ತಕ್ಷಣ ಆಸ್ಪತ್ರೆ ಬೇಕು, ದೂರದ ಹಳ್ಳಿಯ ಮಗುಗೆ ಅದು ಆಗದ ಮಾತು. ಅಲ್ಲಿದ್ದ ನ್ಯೂರೋಸರ್ಜನ್ ಬೆಂಜಮಿನ್ ವಾರ್ಫ್ ಇದನ್ನ ನೋಡಿ ಎಂಡೋಸ್ಕೋಪಿಯಿಂದ ಮೆದುಳೊಳಗೆ ನೀರಿಗೆ ಬೇರೆ ದಾರಿ ಮಾಡಿ, ನೀರು ಮಾಡೋ ಅಂಗಾಂಶವನ್ನ ಸುಟ್ಟು, ಎಷ್ಟೋ ಮಕ್ಕಳಿಗೆ ಪೈಪೇ ಬೇಡದ ಹಾಗೆ ಮಾಡೋ ವಿಧಾನ ಬೆಳೆಸಿದ್ರು. ಆಪರೇಷನ್ ಆದಮೇಲೆ ಮಗು ಎಲ್ಲಿಗೆ ವಾಪಸ್ ಹೋಗತ್ತೆ ಅಂತ ಯೋಚಿಸಿ ಹುಟ್ಟಿದ ಆಪರೇಷನ್ ಅದು, ನೀವು ಸಂಸ್ಥೆ ಆರಿಸೋವಾಗಲೂ ಇದನ್ನೇ ಯೋಚಿಸ್ಬೇಕು.

ಸಂಸ್ಥೆಗೆ ಬರೆಯೋದು ಹೇಗೆ

ಉದ್ದ ಕಥೆ ಬೇಡ, ಕಷ್ಟ ಹೇಳ್ಕೊಳ್ಳೋಕೆ ಆಮೇಲೆ ಸಮಯ ಇದೆ. ಮೊದಲ ಸಾಲಲ್ಲೇ ಓದೋರಿಗೆ ವಿಷಯ ಗೊತ್ತಾಗ್ಬೇಕು. ಹೀಗೆ ಬರೀಬಹುದು:

"ನಮ್ಮ ಮಗು ಹೆಣ್ಣು, ಈಗ 5 ವಾರ, ತೂಕ 3.4 ಕೆಜಿ. ಡಯಾಗ್ನೋಸಿಸ್: ಎರಡೂ ಬದಿ ಸೀಳು ತುಟಿ ಮತ್ತು ಅಂಗುಳ. ಎಕೋ ನಾರ್ಮಲ್ ಇದೆ. ಹಾಲು ಕುಡಿಯೋಕೆ ಕಷ್ಟ, ಚಮಚದಲ್ಲಿ ಕೊಡ್ತಿದ್ದೀವಿ. ಡಾಕ್ಟರ್ ಪತ್ರ, ರಿಪೋರ್ಟ್ ಲಗತ್ತಿಸಿದೆ. ನಾವಿರೋ ಊರು ಇದು, ನಿಮ್ಮ ಪಾರ್ಟ್‌ನರ್ ಆಸ್ಪತ್ರೆ ಹತ್ತಿರದಲ್ಲಿ ಯಾವುದು, ಮಗುನ ಯಾವಾಗ ತೋರಿಸಬಹುದು ದಯವಿಟ್ಟು ತಿಳಿಸಿ."

ಒಂದೇ ಸಂಸ್ಥೆಗೆ ಬರೆದು ಕಾಯಬೇಡಿ, ಎರಡು ಮೂರು ಕಡೆ ಬರೀರಿ, ಆದ್ರೆ ಬೇರೆಯವರಿಗೂ ಬರೆದಿದ್ದೀವಿ ಅಂತ ಎಲ್ಲರಿಗೂ ಹೇಳಿ. ಒಂದು ಕಡೆ ಒಪ್ಪಿಕೊಂಡ ಮೇಲೆ ಉಳಿದವರಿಗೆ ತಿಳಿಸಿಬಿಡಿ, ಆ ಜಾಗ ಇನ್ನೊಂದು ಮಗುಗೆ ಹೋಗತ್ತೆ.

ಒಪ್ಪಿಕೊಂಡ್ರು ಅಂದಮೇಲೆ ಕೇಳಬೇಕಾಗಿರೋದು

ಉಚಿತ ಅಂದ್ರೆ ಏನೇನು ಉಚಿತ, ಇದನ್ನ ಬಿಡಿಸಿ ಕೇಳಿ, ನಾಚಿಕೆ ಪಡಬೇಡಿ. ಆಪರೇಷನ್ ಮಾತ್ರನಾ, ಐಸಿಯು ದಿನಗಳೂ ಸೇರಿದೆಯಾ, ರಕ್ತ ಬೇಕಾದ್ರೆ ಯಾರು ಕೊಡ್ತಾರೆ, ಅಮ್ಮ ಉಳ್ಕೊಳ್ಳೋಕೆ ಜಾಗ ಇದೆಯಾ, ಡಿಸ್ಚಾರ್ಜ್ ಆದಮೇಲಿನ ಔಷಧಿ, ಬಸ್ಸು ರೈಲಿನ ಖರ್ಚು, ಎರಡನೇ ಆಪರೇಷನ್ ಬೇಕಾದ್ರೆ ಅದು? ಮಲದ್ವಾರದ ದೋಷಕ್ಕೆ ಎಷ್ಟೋ ಮಕ್ಕಳಿಗೆ ಮೂರು ಆಪರೇಷನ್ ಆಗತ್ತೆ: ಮೊದಲ ದಿನಗಳಲ್ಲಿ ಹೊಟ್ಟೆ ಮೇಲೆ ಕಕ್ಕ ಹೋಗೋಕೆ ದಾರಿ, ಕೆಲವು ತಿಂಗಳಾದ ಮೇಲೆ ಹೊಸ ಮಲದ್ವಾರ, ಆಮೇಲೆ ಹೊಟ್ಟೆ ಮೇಲಿನ ದಾರಿ ಮುಚ್ಚೋದು. ಮೊದಲನೇದಕ್ಕೆ ಮಾತ್ರ ದುಡ್ಡು ಕೊಟ್ಟು ಕೈಬಿಟ್ರೆ ಆ ಮಗು ವರ್ಷಗಟ್ಟಲೆ ಸ್ಟೋಮಾ ಬ್ಯಾಗ್ (ಹೊಟ್ಟೆ ಮೇಲೆ ಅಂಟಿಸೋ ಕಕ್ಕದ ಚೀಲ) ಜೊತೆ ಬದುಕಬೇಕಾಗತ್ತೆ, ಆದ್ದರಿಂದ ಮೂರಕ್ಕೂ ಲಿಖಿತ ಭರವಸೆ ಕೇಳಿ.

ಆಪರೇಷನ್ ಮಾಡೋರು ಮಕ್ಕಳ ಸರ್ಜನ್ನೇನಾ, ಅರಿವಳಿಕೆ ಕೊಡೋರಿಗೆ ಇಷ್ಟು ಸಣ್ಣ ಮಕ್ಕಳ ಅನುಭವ ಇದೆಯಾ ಅಂತಾನೂ ಕೇಳಿ. ಒಳ್ಳೇ ತಂಡದವರು ಈ ಪ್ರಶ್ನೆಗೆ ಬೇಜಾರು ಮಾಡ್ಕೊಳ್ಳಲ್ಲ, ಖುಷಿಯಿಂದ ಹೇಳ್ತಾರೆ.

ಮೋಸದ ಬಗ್ಗೆ ಎಚ್ಚರ ಇರಲಿ. ನಿಜವಾದ ಚಾರಿಟಿ ರಿಜಿಸ್ಟ್ರೇಷನ್ ಫೀಸು, ಫೈಲ್ ಮೂವ್ ಮಾಡೋ ಖರ್ಚು ಅಂತ ಮನೆಯವರ ಹತ್ರ ದುಡ್ಡು ಕೇಳಲ್ಲ. ಯಾರಾದ್ರೂ ಏಜೆಂಟ್ ಹಾಗೆ ಕೇಳಿದ್ರೆ ಆಸ್ಪತ್ರೆಯ ನಂಬರ್ ನೀವೇ ಹುಡುಕಿ ಫೋನ್ ಮಾಡಿ ವಿಚಾರಿಸಿ, ಅವನು ಕೊಟ್ಟ ನಂಬರಿಗಲ್ಲ. ಆನ್‌ಲೈನ್‌ನಲ್ಲಿ ದುಡ್ಡು ಸೇರಿಸ್ತಿದ್ರೆ ಅದು ನೇರ ಆಸ್ಪತ್ರೆ ಖಾತೆಗೇ ಹೋಗೋ ಹಾಗೆ ನೋಡ್ಕೊಳ್ಳಿ.

ಫೋಟೋ ವಿಷಯ ನನಗೆ ತುಂಬಾ ಮುಖ್ಯ ಅನ್ಸತ್ತೆ. ಸಂಸ್ಥೆಗಳು ಪ್ರಚಾರಕ್ಕೆ ಮಗುವಿನ ಫೋಟೋ ಕೇಳ್ತವೆ. ಆಪರೇಷನ್ ಒಪ್ಪಿಗೆ ಪತ್ರ ಬೇರೆ, ಫೋಟೋ ಒಪ್ಪಿಗೆ ಪತ್ರ ಬೇರೆ, ಎರಡನ್ನೂ ಓದಿ, ಫೋಟೋ ಬೇಡ ಅಂದ್ರೆ ಆಪರೇಷನ್ ನಿಲ್ಲಬಾರದು. ಡಾಕ್ಟರಿಗೆ ತೋರಿಸೋಕೆ ಬೇಕಾದ ಫೋಟೋ ಡಾಕ್ಟರಿಗೆ ಮಾತ್ರ ಹೋಗಲಿ. ಮೂತ್ರಕೋಶ ಹೊರಗಿರೋದು, ಜನನಾಂಗದ ತೊಂದರೆ ಇಂಥದ್ದರ ಚಿತ್ರ ಎಲ್ಲೂ ಹಾಕಬೇಡಿ, ಯಾರಿಗೂ ಹಾಕೋಕೆ ಬಿಡಬೇಡಿ. ಈ ಮಗು ನಾಳೆ ಹದಿನೈದು ವರ್ಷದ್ದಾಗಿ ಆ ಫೋಟೋನ ನೋಡತ್ತೆ.

ಮಗುನ ತಯಾರು ಮಾಡೋದು

ಕಾಯೋ ತೊಂದರೆಗಳಲ್ಲಿ ಈ ಭಾಗವೇ ನಿಮ್ಮ ಕೈಲಿರೋದು. ಸೀಳು ತುಟಿಗೆ ಹಳೇ ಲೆಕ್ಕ ಒಂದಿದೆ: 10 ವಾರ ವಯಸ್ಸು, 10 ಪೌಂಡ್ ಅಂದ್ರೆ ಸುಮಾರು ನಾಲ್ಕೂವರೆ ಕೆಜಿ ತೂಕ, ಹಿಮೋಗ್ಲೋಬಿನ್ 10. ತುಟಿಗೆ ಸಾಮಾನ್ಯವಾಗಿ 3ರಿಂದ 6 ತಿಂಗಳು, ಅಂಗುಳಕ್ಕೆ 9ರಿಂದ 18 ತಿಂಗಳು. ತೂಕ ಇಲ್ಲದೇ ವಾಪಸ್ ಬರೋ ಮಕ್ಕಳೇ ಜಾಸ್ತಿ, ಅಂಗುಳ ಸೀಳಿದ್ರೆ ಮಗುಗೆ ಚೀಪೋಕೆ ಎಳೆತ ಸಿಗಲ್ಲ, ಅಮ್ಮನ ಎದೆಯಲ್ಲಿ ಹಾಲಿದ್ರೂ ಮಗು ಹಸಿದೇ ಇರತ್ತೆ. ಎದೆಹಾಲನ್ನೇ ಹಿಂಡಿ ತೆಗೆದು, ಮಗುನ ನೆಟ್ಟಗೆ ಕೂರಿಸಿದ ಹಾಗೆ ಹಿಡ್ಕೊಂಡು, ಮೆತ್ತನೆ ಅದುಮೋ ಬಾಟಲಿಯಲ್ಲೋ ಒಳಲೆಯಲ್ಲೋ ಸ್ವಲ್ಪ ಸ್ವಲ್ಪ ಕೊಡಿ, ನಡುನಡುವೆ ತೇಗು ಬರಿಸಿ. ಒಂದು ಸಲ ಹಾಲು ಕೊಡೋಕೆ ಅರ್ಧ ಗಂಟೆಗಿಂತ ಹೆಚ್ಚು ಆಗ್ತಿದ್ರೆ ಕುಡಿಯೋ ಶ್ರಮದಲ್ಲೇ ಮಗು ತೂಕ ಕಳ್ಕೊಳ್ತಿದೆ ಅಂತ ಅರ್ಥ, ನರ್ಸ್ ಹತ್ರ ವಿಧಾನ ಬದಲಾಯಿಸೋಕೆ ಕೇಳಿ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಕ ನೋಡಿ ಬರೆದಿಡಿ.

ಆಪರೇಷನ್ ದಿನ ಹತ್ತಿರ ಬಂದಾಗ ಮಗುಗೆ ನೆಗಡಿ, ಕೆಮ್ಮು, ಜ್ವರ ಬಂದ್ರೆ ಡೇಟ್ ತಪ್ಪಿಹೋಗತ್ತೆ ಅಂತ ಮುಚ್ಚಿಡೋರು ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ, ನೆಗಡಿ ಇರೋ ಮಗುಗೆ ಅರಿವಳಿಕೆಯಲ್ಲಿ ಉಸಿರಿನ ತೊಂದರೆ ಆಗೋ ಸಾಧ್ಯತೆ ಜಾಸ್ತಿ. ಹೊಟ್ಟೆ ಖಾಲಿ ಇಡೋ ಲೆಕ್ಕ ಆಸ್ಪತ್ರೆ ಹೇಳಿದ ಹಾಗೇ ಮಾಡಿ, ಸಾಮಾನ್ಯವಾಗಿ ಫಾರ್ಮುಲಾ ಹಾಲು 6 ಗಂಟೆ ಮುಂಚೆ, ಎದೆಹಾಲು 4 ಗಂಟೆ ಮುಂಚೆ, ತಿಳಿ ನೀರು 2 ಗಂಟೆ ಮುಂಚೆ ನಿಲ್ಲಿಸ್ತಾರೆ. ಅಳ್ತಿದೆ ಪಾಪ ಅಂತ ಅಜ್ಜಿ ಒಂದು ಚಮಚ ಕೊಟ್ಬಿಟ್ರೆ ಅದನ್ನ ಅರಿವಳಿಕೆ ಡಾಕ್ಟರಿಗೆ ಹೇಳಲೇಬೇಕು.

ಆಪರೇಷನ್ ಆದಮೇಲೆ

ಡಿಸ್ಚಾರ್ಜ್ ದಿನ ಸಂತೋಷದಲ್ಲಿ ಅರ್ಧ ಮಾತು ಕಿವಿಗೆ ಬೀಳಲ್ಲ, ಇಬ್ಬರು ಹೋಗಿ, ಒಬ್ಬರು ಬರ್ಕೊಳ್ಳಿ ಇಲ್ಲ ಒಪ್ಪಿಗೆ ಕೇಳಿ ರೆಕಾರ್ಡ್ ಮಾಡ್ಕೊಳ್ಳಿ. ಯಾವ ಲಕ್ಷಣ ಕಂಡ್ರೆ ಯಾವ ನಂಬರಿಗೆ ಫೋನ್ ಮಾಡ್ಬೇಕು ಅನ್ನೋದು ಕಾಗದದಲ್ಲಿರಬೇಕು.

ಕ್ಲಬ್ ಫೂಟ್‌ನಲ್ಲಿ ಪೊನ್ಸೆಟಿ ವಿಧಾನ ಅಂತ ಇದೆ, ವಾರ ವಾರ ಪ್ಲಾಸ್ಟರ್ ಬದಲಾಯಿಸಿ ಐದಾರು ಪ್ಲಾಸ್ಟರ್‌ನಲ್ಲಿ ಪಾದ ತಿರುಗಿಸ್ತಾರೆ, ಕೊನೆಗೆ ಹೆಚ್ಚಿನ ಮಕ್ಕಳಿಗೆ ಹಿಮ್ಮಡಿ ಹಿಂದಿನ ಸ್ನಾಯುರಜ್ಜುವಿನ (ಟೆಂಡನ್) ಸಣ್ಣ ಆಪರೇಷನ್. ಆಮೇಲೆ ಬ್ರೇಸ್ (ಪಾದ ತಿರುಗದ ಹಾಗೆ ಹಿಡಿಯೋ, ಪಟ್ಟಿಗೆ ಜೋಡಿಸಿದ ಬೂಟು) ಹಾಕಬೇಕು, ಪಾದ ನೆಟ್ಟಗಾಯ್ತು ಅಂತ ಅದನ್ನ ಬಿಟ್ಟೋರ ಮಕ್ಕಳದ್ದು ಮತ್ತೆ ತಿರುಗತ್ತೆ. ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆಮೇಲೆ ನಾಲ್ಕೈದು ವರ್ಷದ ತನಕ ಮಲಗೋವಾಗ, ಮಗು ಅತ್ತರೂ ಹಾಕಲೇಬೇಕು.

ಅಂಗುಳದ ಆಪರೇಷನ್ ಆದ ಮಕ್ಕಳಿಗೆ ಸ್ಪೀಚ್ ಥೆರಪಿ ಬೇಕಾಗಬಹುದು, ಕಿವಿ ಒಳಗೆ ನೀರು ನಿಲ್ಲೋದ್ರಿಂದ ಕಿವಿ ಕೇಳೋ ಪರೀಕ್ಷೆ ಆಗಾಗ ಮಾಡ್ಸಬೇಕು, ವಸಡಲ್ಲೂ ಸೀಳಿದ್ರೆ 8-10 ವರ್ಷದ ಹೊತ್ತಿಗೆ ಮೂಳೆ ತುಂಬೋ ಆಪರೇಷನ್ ಇರತ್ತೆ. ಹೊಸ ಮಲದ್ವಾರ ಮಾಡಿದ ಮೇಲೆ ಸಾಮಾನ್ಯವಾಗಿ ಎರಡು ವಾರದಿಂದ ಅದು ಕಿರಿದಾಗದ ಹಾಗೆ ಡೈಲೇಟರ್ (ದಾರಿ ಹಿಗ್ಗಿಸೋ ನುಣುಪಾದ ಕಡ್ಡಿ) ಹಾಕೋದನ್ನ ಅಪ್ಪ ಅಮ್ಮನಿಗೇ ಕಲಿಸ್ತಾರೆ, ಮೊದಲ ಸಲ ಕೈ ನಡುಗತ್ತೆ, ನರ್ಸ್ ಎದುರಲ್ಲಿ ನೀವೇ ಮಾಡಿ ತೋರಿಸದೆ ಮನೆಗೆ ಬರಬೇಡಿ. ಹಿರ್ಷ್‌ಸ್ಪ್ರಂಗ್ ಆಪರೇಷನ್ ಆದ ಮಗುಗೆ ಹೊಟ್ಟೆ ಉಬ್ಬಿ, ಜ್ವರ ಬಂದು, ಕೆಟ್ಟ ವಾಸನೆಯ ನೀರು ಭೇದಿ ಜೋರಾಗಿ ಆದ್ರೆ ಅದು ಸಾಮಾನ್ಯ ಭೇದಿ ಅಲ್ಲ, ಅವತ್ತೇ ಆಸ್ಪತ್ರೆಗೆ. ಶಂಟ್ ಇರೋ ಮಗು ಪದೇ ಪದೇ ವಾಂತಿ ಮಾಡಿ, ಮಂಕಾಗಿ ಮಲಗಿ, ನೆತ್ತಿ ಉಬ್ಬಿ, ಕಣ್ಣುಗುಡ್ಡೆ ಕೆಳಗೆ ಇಳಿದ ಹಾಗೆ ಕಂಡ್ರೆ ರಾತ್ರಿ ಅಂತಾನೂ ನೋಡಬೇಡಿ, ಹೊರಡಿ.

ಆಗಲ್ಲ ಅಂದ್ರೆ

ಸಂಸ್ಥೆ ಇಲ್ಲ ಅಂದ್ರೆ ಕಾರಣ ಬರೆದು ಕೊಡಿ ಅಂತ ಕೇಳಿ. ತೂಕ ಕಮ್ಮಿ, ಸೋಂಕಿದೆ, ಆ ತಂಡದಲ್ಲಿ ಆ ಸರ್ಜನ್ ಇಲ್ಲ ಇಂಥ ಕಾರಣ ಆದ್ರೆ ಅದು ಸದ್ಯಕ್ಕೆ ಇಲ್ಲ ಅಂತ ಅಷ್ಟೇ, ಬೇರೆ ಕಡೆ ಅದೇ ಫೈಲ್ ಕಳಿಸಿ. ಕೆಲವು ಮಕ್ಕಳಿಗೆ ಆಪರೇಷನ್ ಮಾಡಿದ್ರೂ ಉಪಯೋಗ ಇಲ್ಲ, ನೋವು ಮಾತ್ರ ಹೆಚ್ಚಾಗತ್ತೆ ಅಂತ ಇಬ್ಬರು ಬೇರೆ ಬೇರೆ ಮಕ್ಕಳ ಸರ್ಜನ್ ಹೇಳಿದ್ರೆ ಆಗ ಪ್ಯಾಲಿಯೇಟಿವ್ ಕೇರ್ ಕೇಳಿ. ನೋವಿಲ್ಲದ ಹಾಗೆ, ಅಮ್ಮನ ಜೊತೆ ಇರೋ ಹಾಗೆ ನೋಡ್ಕೊಳ್ಳೋದೂ ಚಿಕಿತ್ಸೆನೇ, ಅದನ್ನ ಆರಿಸ್ಕೊಂಡ ಅಪ್ಪ ಅಮ್ಮ ಮಗುನ ಕೈಬಿಟ್ಟರು ಅಂತ ಯಾರೂ ಹೇಳಬಾರದು.

ಹಾಗೇ ಗರ್ಭಿಣಿ ಇದ್ದಾಗ ಗ್ರಹಣ ನೋಡಿದ್ಲು, ಕತ್ತರಿ ಹಿಡಿದ್ಲು ಅಂತ ತಾಯಿ ಮೇಲೆ ತಪ್ಪು ಹೊರಿಸೋರನ್ನ ಮನೆಯಲ್ಲಿ ಯಾರಾದ್ರೂ ಒಬ್ಬರು ಗಟ್ಟಿಯಾಗಿ ನಿಲ್ಲಿಸ್ಬೇಕು, ಹೆರಿಗೆ ಆಗಿ ಹಾಲು ಹಿಂಡ್ತಾ ಆಸ್ಪತ್ರೆ ಓಡಾಡ್ತಿರೋ ಹೆಂಗಸಿಗೆ ಅದು ದೊಡ್ಡ ಪೆಟ್ಟು. ಹೆಚ್ಚಿನ ಹುಟ್ಟು ದೋಷಗಳಿಗೆ ಇಂಥದ್ದೇ ಕಾರಣ ಅಂತ ಹೇಳೋಕೆ ಬರಲ್ಲ. ಮುಂದಿನ ಮಗು ಬಗ್ಗೆ ಯೋಚಿಸೋವಾಗ ಜೆನೆಟಿಕ್ ಕೌನ್ಸೆಲರ್‌ಗೆ ಈ ಮಗುವಿನ ಫೈಲ್ ತೋರಿಸಿ. ಬೆನ್ನುಹುರಿ ದೋಷ ಆಗಿದ್ರೆ ಫೋಲಿಕ್ ಆಸಿಡ್ ಎಲ್ಲರೂ ತಗೊಳ್ಳೋ 400 ಮೈಕ್ರೋಗ್ರಾಂ ಸಾಲಲ್ಲ, ಅದರ ಹತ್ತು ಪಟ್ಟು ಅಂದ್ರೆ 4 ಮಿಲಿಗ್ರಾಂ ಬೇಕು, ಅದನ್ನ ಡಾಕ್ಟರ್ ಬರೆದುಕೊಡಬೇಕು, ಮತ್ತು ಗರ್ಭ ನಿಂತ ಮೇಲಲ್ಲ, ಅದಕ್ಕೂ ಒಂದೆರಡು ತಿಂಗಳು ಮುಂಚೆಯಿಂದಲೇ ಶುರು ಮಾಡ್ಬೇಕು.